ಹೊಸ ಆರ್15: ಇಂಜಿನ್ ಜೊತೆ ಬ್ರೇಕನ್ನೂ ಪಳಗಿಸಿ

ಪ್ರಶ್ನೆ: ಸರ್, ನಾನು ಹಾಸನದವನು. ಹೊಸ ಯಮಹಾ ಆರ್15 ವಿ4 ತಗೊಂಡಿದೀನಿ, 300 ಕಿಲೋಮೀಟರ್ ಆಗಿದೆ. ಅಪ್ಪ 2000 ಆಗೋವರೆಗೂ 40 ದಾಟಬೇಡ ಅಂತಾರೆ, ಫ್ರೆಂಡ್ಸು ಮೊದಲ ದಿನದಿಂದಲೇ ಫುಲ್ ತಿರುವಿದ್ರೇನೇ ಇಂಜಿನ್ ಫ್ರೀ ಆಗೋದು ಅಂತಾರೆ. ಮುಂದಿನ ಬ್ರೇಕು ಕುಯ್ ಅಂತ ಸೌಂಡ್ ಮಾಡತ್ತೆ, ಹಿಡಿಯೋದೂ ಕಮ್ಮಿ ಅನ್ಸತ್ತೆ. ಫ್ರಂಟ್ ಬ್ರೇಕ್ ಹಿಡಿದ್ರೆ ಮಗುಚ್ಕೋತೀಯ ಅಂತ ಎಲ್ರೂ ಹೆದರಿಸಿರೋದ್ರಿಂದ ನಾನು ಜಾಸ್ತಿ ಹಿಂದಿನದೇ ತುಳಿಯೋದು. ಒಂದ್ಸಲ ಮಣ್ಣಲ್ಲಿ ಲಿವರ್ ಟಕಟಕ ಅಂತ ಒದೀತು, ಹೆದರಿ ಬಿಟ್ಬಿಟ್ಟೆ. ಚೈನು, ವಾಶಿಂಗು ಹೇಗೆ ನೋಡ್ಕೋಬೇಕು? ಮುಂದಿನ ತಿಂಗಳು ಶಿರಾಡಿ ಇಳಿದು ಮಂಗಳೂರಿಗೆ ಹೋಗೋ ಪ್ಲ್ಯಾನ್ ಇದೆ, ಹೋಗಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದ್ತಾ ನನಗೆ ದಿಗಿಲಾಗಿದ್ದು ‘ಜಾಸ್ತಿ ಹಿಂದಿನದೇ ತುಳಿಯೋದು’ ಅನ್ನೋ ಸಾಲು ನೋಡಿ. ರನ್ನಿಂಗ್ ಇನ್, ಅಂದ್ರೆ ಹೊಸ ಗಾಡಿ ಪಳಗಿಸೋದು, ಅಂದ ತಕ್ಷಣ ಎಲ್ರೂ ಪಿಸ್ಟನ್ನು, ಆಯಿಲ್ಲು, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋದು) ಅಂತ ತಲೆ ಕೆಡಿಸ್ಕೋತಾರೆ. ಬ್ರೇಕ್ ಪ್ಯಾಡಿಗೂ ಟೈರಿಗೂ ರನ್ನಿಂಗ್ ಇನ್ ಬೇಕು, ಓಡಿಸೋನ ಬಲಗೈ ಬೆರಳಿಗೂ ಬೇಕು, ಇದನ್ನ ಮಾತ್ರ ಗಾಡಿ ಕೊಡುವಾಗ ಯಾರೂ ಕೂರಿಸಿ ಹೇಳಲ್ಲ. ಇಂಜಿನ್ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ನಾಲ್ಕೈದು ವರ್ಷ ಬಿಟ್ಟು ಒಂಚೂರು ಆಯಿಲ್ ಕುಡೀಬಹುದು. ಬ್ರೇಕಲ್ಲಿ ಹೆಚ್ಚುಕಮ್ಮಿ ಆದ್ರೆ ಅಷ್ಟು ದಿನ ಕಾಯೋ ಪ್ರಮೇಯ ಬರಲ್ಲ.

ಆದ್ರೂ ಇಂಜಿನ್ ವಿಷ್ಯ ಮೊದ್ಲು ಮುಗಿಸ್ಬಿಡೋಣ, ನಿಮ್ಮನೇಲಿ ಜಗಳ ನಡೀತಿರೋದು ಅದಕ್ಕೇ ತಾನೇ. ಅಪ್ಪ ಹೇಳ್ತಿರೋದು ಸುಳ್ಳಲ್ಲ, ಅವರ ಕಾಲದ ಗಾಡಿಗೆ ಅದು ಸರಿ. ಮೈಸೂರಲ್ಲೇ ತಯಾರಾಗ್ತಿದ್ದ ಯೆಜ್ಡಿ, ಆಮೇಲೆ ಬಂದ ಆರ್‌ಎಕ್ಸ್ 100, ಇವೆಲ್ಲ ಟೂ ಸ್ಟ್ರೋಕು, ಪೆಟ್ರೋಲ್ ಜೊತೆ ಒಳಗೆ ಹೋಗೋ ಆಯಿಲ್ಲೇ ಪಿಸ್ಟನ್ನಿಗೆ ದಿಕ್ಕು, ತಣ್ಣಗಾಗೋಕೆ ಎದುರುಗಾಳಿ ಒಂದೇ ಗತಿ, ಹೊಸದರಲ್ಲಿ ಒತ್ತಿ ಓಡಿಸಿದ್ರೆ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿಗೆ ಕಚ್ಕೊಂಡು ಸೀಜ್ ಆಗಿ ಹಿಂದಿನ ಚಕ್ರ ಅಲ್ಲೇ ಲಾಕ್ ಆಗೋದು. ಹಂಗೆ ಬಿದ್ದೋರನ್ನ ಕಣ್ಣಾರೆ ಕಂಡಿರೋ ತಲೆಮಾರು 40 ದಾಟಬೇಡ ಅನ್ನದೆ ಇನ್ನೇನು ಅನ್ನತ್ತೆ ಹೇಳಿ.

ನಿಮ್ಮದು 155 ಸಿಸಿ ಫೋರ್ ಸ್ಟ್ರೋಕು, ಲಿಕ್ವಿಡ್ ಕೂಲ್ಡ್. ಅದರ ಸಿಲಿಂಡರೇ ಬೇರೆ ತರ. ಯಮಹಾದೋರು ಅದನ್ನ ಡಯಾಸಿಲ್ ಅಂತಾರೆ, ಅಲ್ಯೂಮಿನಿಯಂಗೆ ಸುಮಾರು 20 ಪರ್ಸೆಂಟ್ ಸಿಲಿಕಾನ್ ಸೇರಿಸಿ ಎರಕ ಹೊಯ್ದಿರೋದು, ಒಳಗೆ ಕಬ್ಬಿಣದ ಲೈನರ್ ಇರಲ್ಲ, ಸಿಲಿಕಾನಿನ ಗಟ್ಟಿ ಕಣಗಳೇ ಪಿಸ್ಟನ್ ರಿಂಗಿನ ಉಜ್ಜಾಟ ತಡ್ಕೊಳ್ಳೋದು. ಶಾಖ ಬೇಗ ಆಚೆ ಹೋಗತ್ತೆ, ಸವೆತ ತುಂಬಾ ಕಮ್ಮಿ. ಆದ್ರೂ ಅಕಸ್ಮಾತ್ ಗೀರು ಬಿತ್ತು ಅನ್ಕೊಳ್ಳಿ, ಹಳೇ ಬೈಕಿನ ತರ ರೀಬೋರ್ ಮಾಡಿಸಿ, ಅಂದ್ರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕೋ ಲೆಕ್ಕ ಇಲ್ಲಿ ನಡಿಯಲ್ಲ, ಬ್ಲಾಕೇ ಬದಲಾಯಿಸಬೇಕು, ಖರ್ಚು ಕೈ ಕಚ್ಚತ್ತೆ. ಅದಕ್ಕೇ ಆಯಿಲ್ ವಿಷ್ಯದಲ್ಲಿ ಸೋಮಾರಿತನ ಬೇಡ.

ಹೊಸ ಇಂಜಿನ್ನಲ್ಲಿ ಪಳಗಬೇಕಾದ ಮುಖ್ಯ ಭಾಗ ಪಿಸ್ಟನ್ ರಿಂಗು. ಅದು ತನ್ನ ಸ್ಪ್ರಿಂಗ್ ಬಲ ಒಂದರಿಂದಲೇ ಗೋಡೆಗೆ ಒತ್ಕೊಂಡಿರಲ್ಲ, ಪೆಟ್ರೋಲ್ ಉರಿದಾಗ ಹುಟ್ಟೋ ಒತ್ತಡ ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನ ಗೋಡೆ ಕಡೆ ತಳ್ಳತ್ತೆ. ಎಕ್ಸಿಲರೇಟರ್ ಮುಟ್ಟಿದ್ರೆ ಎಲ್ಲಿ ನೋವಾಗತ್ತೋ ಅನ್ನೋ ಹಂಗೆ ಓಡಿಸ್ತಾ ಇದ್ರೆ ಆ ಒತ್ತಡ ಬರೋದೇ ಇಲ್ಲ, ರಿಂಗ್ ಸರಿಯಾಗಿ ಕೂರಲ್ಲ. ಇದಕ್ಕಿಂತ ಕೆಟ್ಟದ್ದು ಅಂದ್ರೆ 40ರಲ್ಲೇ ಹೋಗಬೇಕು ಅಂತ ಆರನೇ ಗೇರ್ ಹಾಕ್ಕೊಂಡು ಏರಲ್ಲೂ ಅದರಲ್ಲೇ ಎಳಿಯೋದು, ಇಂಜಿನ್ ಗುಡುಗುಡು ಅಂತ ಒದ್ದಾಡತ್ತೆ, ಬೇರಿಂಗ್ ಮೇಲೆ ಭಾರ ಬೀಳತ್ತೆ. ಫ್ರೆಂಡ್ಸ್ ಹೇಳೋದರಲ್ಲೂ ಹಂಗಾಗಿ ಒಂದು ಕಾಳು ನಿಜ ಇದೆ, ಇಂಜಿನ್ನಿಗೆ ಸ್ವಲ್ಪ ಲೋಡ್ ಬೇಕು. ಆದ್ರೆ ‘ಲೋಡ್ ಬೇಕು’ ಅನ್ನೋದಕ್ಕೂ ‘ರೆಡ್‌ಲೈನ್ (ಮೀಟರಿನ ಕೊನೇ ಆರ್‌ಪಿಎಂ ಮಿತಿ) ತನಕ ಕಿರುಚಿಸು’ ಅನ್ನೋದಕ್ಕೂ ತುಂಬಾ ದೂರ.

ಮಾಡಬೇಕಾದ್ದು ಇಷ್ಟು. ಬೈಕ್ ಜೊತೆ ಕೊಟ್ಟಿರೋ ಮ್ಯಾನುವಲ್ ತೆಗೀರಿ (ಸೀಟಿನ ಕೆಳಗೆ ಅಥವಾ ದಾಖಲೆ ಕವರಲ್ಲಿ ಕವರ್ ಕೂಡ ಬಿಚ್ಚದೆ ಇರತ್ತೆ, ಗೊತ್ತು), ಅದರಲ್ಲಿ ರನ್ನಿಂಗ್ ಇನ್‌ಗೆ ಆರ್‌ಪಿಎಂ ಮಿತಿ ಬರೆದಿರ್ತಾರೆ. ಗಮನಿಸಿ, ಕಿಲೋಮೀಟರ್ ಸ್ಪೀಡ್ ಅಲ್ಲ, ಆರ್‌ಪಿಎಂ. ಅಲ್ಲಿರೋ ಮಾತೂ ‘ಇದಕ್ಕಿಂತ ಮೇಲೆ ತುಂಬಾ ಹೊತ್ತು ಓಡಿಸಬೇಡಿ’ ಅಂತ, ಓವರ್‌ಟೇಕ್ ಮಾಡುವಾಗ ನಾಲ್ಕು ಸೆಕೆಂಡ್ ಮೇಲೆ ಹೋದ್ರೆ ಏನೂ ಆಗಲ್ಲ. ಈ ಬೈಕಲ್ಲಿ ಆರನೇ ಗೇರಲ್ಲಿ 5000 ಆರ್‌ಪಿಎಂ ಅಂದ್ರೆ 60 ಕಿಲೋಮೀಟರಿಗೂ ಸ್ವಲ್ಪ ಮೇಲಿನ ಸ್ಪೀಡು, ಆರಾಮಾಗೇ ಹೋಗಬಹುದು. 7400ಕ್ಕೆ ವಿವಿಎ (ಮೇಲಿನ ಆರ್‌ಪಿಎಂಗೆ ತಕ್ಕ ಹಾಗೆ ವಾಲ್ವ್ ತೆರೆಯೋದನ್ನ ಬದಲಾಯಿಸೋ ವ್ಯವಸ್ಥೆ) ಶುರುವಾಗತ್ತಲ್ಲ, ಮೀಟರಲ್ಲಿ ಅದು ಮಿನುಗೋದನ್ನ ನೋಡೋ ಆಸೆ ಮೊದಲ ಸರ್ವಿಸ್ ಆಗೋವರೆಗೂ ತಡ್ಕೊಳ್ಳಿ. ಒಂದೇ ಸ್ಪೀಡಲ್ಲಿ ಗಂಟೆಗಟ್ಲೆ ಹೈವೇ ಮೇಲೆ ಹೋಗೋ ಬದಲು ಬೇಲೂರು, ಹಳೇಬೀಡು ಕಡೆ ರೋಡಿಗೆ ಹೋಗಿ, ಊರು ಬರತ್ತೆ, ತಿರುವು ಬರತ್ತೆ, ಹಂಪ್ ಬರತ್ತೆ, ಗೇರ್ ಇಳಿಸಿ ಏರಿಸಿ ಮಾಡ್ತಾ ಇರ್ತೀರ, ಇಂಜಿನ್ನಿಗೆ ಬೇಕಾಗಿರೋದೂ ಅದೇ ಏರಿಳಿತ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಸಿ ರೇಸ್ ಮಾಡೋದು ಬೇಡ, ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಮೂರ್ನಾಲ್ಕು ಕಿಲೋಮೀಟರ್ ಮೆತ್ತಗೆ ಹೋಗಿ.

ಮೊದಲ ಸರ್ವಿಸ್ ಸಾವಿರ ಕಿಲೋಮೀಟರಿಗೆ, ಅದನ್ನ ‘ಇನ್ನೂ ಚೆನ್ನಾಗೇ ಓಡ್ತಿದೆಯಲ್ಲ’ ಅಂತ ಮುಂದಕ್ಕೆ ಹಾಕ್ಬೇಡಿ. ಸಾಧ್ಯ ಆದ್ರೆ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ, ಟ್ರೇಗೆ ಬಿದ್ದ ಕಪ್ಪು ಆಯಿಲ್ಲನ್ನ ಬಿಸಿಲಿಗೆ ಓರೆಯಾಗಿ ನೋಡಿದ್ರೆ ಸಣ್ಣ ಬೆಳ್ಳಿ ಪುಡಿ ತರ ಮಿಂಚತ್ತೆ. ಗೇರು, ಕ್ಲಚ್ಚು ಎಲ್ಲ ಒಂದಕ್ಕೊಂದು ಹೊಂದ್ಕೊಳ್ಳುವಾಗ ಉದುರಿದ್ದು ಅದು, ಮೊದಲ ಸಲ ಕಂಡ್ರೆ ಗಾಬರಿ ಬೇಡ, ಆಯಿಲ್ ಜೊತೆ ಫಿಲ್ಟರೂ ಹೊಸದು ಹಾಕಿದ್ರಾ ಅಂತ ಮಾತ್ರ ಕೇಳಿ. ಆಯಿಲ್ ಹೊರಗಡೆ ತಗೊಂಡ್ರೆ ಡಬ್ಬದ ಮೇಲೆ 10ಡಬ್ಲ್ಯೂ-40 (ಆಯಿಲ್ಲಿನ ಮಂದದ ಗುರುತು), ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದತ್ತೆ ಅನ್ನೋ ಗುರುತು) ಅಂತ ಇರಬೇಕು. ಕಾರಿಗೆ ಹಾಕಿ ಉಳಿದಿರೋ ದುಬಾರಿ ಸಿಂಥೆಟಿಕ್ ಇದೆ ಅಂತ ಅದನ್ನ ಸುರಿಯೋರಿದಾರೆ, ನಮ್ಮ ಬೈಕಲ್ಲಿ ಕ್ಲಚ್ಚೂ ಅದೇ ಆಯಿಲ್ಲಲ್ಲೇ ಮುಳುಗಿರತ್ತೆ, ಜಾರಿಕೆ ಜಾಸ್ತಿ ಆದ್ರೆ ಕ್ಲಚ್ ಸ್ಲಿಪ್ ಆಗತ್ತೆ.

ಈಗ ಬ್ರೇಕಿಗೆ ಬನ್ನಿ.

ಹೊಸ ಡಿಸ್ಕು ಹೊಸ ಪ್ಯಾಡು ಎರಡೂ ಸಪಾಟಾಗಿ ಕಂಡ್ರೂ ಮೊದಲಲ್ಲಿ ಪೂರ್ತಿ ಮೇಲ್ಮೈ ತಾಗ್ತಿರಲ್ಲ, ಅಲ್ಲಲ್ಲಿ ಮಾತ್ರ ತಾಗತ್ತೆ. ಉಜ್ಜಿ ಉಜ್ಜಿ ಪ್ಯಾಡಿನ ಮಸಾಲೆ ತೆಳ್ಳಗೆ ಒಂದು ಪದರದ ಹಾಗೆ ಡಿಸ್ಕ್ ಮೇಲೆ ಒಂದೇ ಸಮ ಕೂತ ಮೇಲೆನೇ ಬ್ರೇಕು ‘ಕಚ್ಚೋದು’. ನಿಮಗೆ ಹಿಡಿತ ಕಮ್ಮಿ ಅನ್ಸಿರೋದಕ್ಕೆ ಬಹುಶಃ ಇದೇ ಕಾರಣ, ಅದರಲ್ಲೂ ನೀವು ಮುಂದಿನ ಬ್ರೇಕ್ ಮುಟ್ಟೋದೇ ಅಪರೂಪ ಅಂದ್ರೆ 300 ಅಲ್ಲ 3000 ಕಿಲೋಮೀಟರ್ ಆದ್ರೂ ಪ್ಯಾಡ್ ಕೂರಲ್ಲ! ಖಾಲಿ ರಸ್ತೆ ನೋಡ್ಕೊಂಡು ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿ, 50-60ರಿಂದ 15ರ ತನಕ ಹದವಾಗಿ ಮುಂದಿನ ಬ್ರೇಕ್ ಹಿಡಿದು ಸ್ಪೀಡ್ ಇಳಿಸಿ, ಪೂರ್ತಿ ನಿಲ್ಸಬೇಡಿ, ಬಿಟ್ಟು ಮತ್ತೆ ಸ್ಪೀಡ್ ತಗೊಂಡು ಒಂದರ್ಧ ಕಿಲೋಮೀಟರ್ ಗಾಳಿಗೆ ಡಿಸ್ಕ್ ತಣ್ಣಗಾಗೋಕ್ ಬಿಡಿ, ಹೀಗೆ ಹದಿನೈದಿಪ್ಪತ್ತು ಸಲ, ಮೊದಮೊದಲು ಮೆತ್ತಗೆ, ಬರ್ತಾ ಬರ್ತಾ ಸ್ವಲ್ಪ ಗಟ್ಟಿಯಾಗಿ. ಬಿಸಿ ಡಿಸ್ಕನ್ನ ಹಾಗೇ ಒತ್ತಿ ಹಿಡ್ಕೊಂಡು ನಿಂತ್ಕೋಬಾರದು, ಪ್ಯಾಡಿನ ಅಚ್ಚು ಒಂದೇ ಕಡೆ ಕೂತುಬಿಡತ್ತೆ, ಆಮೇಲೆ ಬ್ರೇಕ್ ಹಿಡಿದಾಗ ಲಿವರಲ್ಲಿ ಒಂಥರಾ ಕಂಪನ. ಮೊದಲ ಕೆಲವು ನೂರು ಕಿಲೋಮೀಟರಲ್ಲಿ ಸುಮ್ಸುಮ್ನೆ ಜೋರು ಬ್ರೇಕ್ ಹೊಡ್ದು ಸ್ಟಂಟ್ ಮಾಡಿದ್ರೆ ಪ್ಯಾಡಿನ ಮೇಲ್ಮೈ ಸುಟ್ಟು ಗಾಜಿನ ತರ ನುಣುಪಾಗತ್ತೆ, ಗ್ಲೇಜ್ ಆಗೋದು ಅಂತಾರಲ್ಲ ಅದು, ಸೌಂಡೂ ಬರತ್ತೆ, ಹಿಡಿಯೋದೂ ಇಲ್ಲ.

ಕುಯ್ ಶಬ್ದ ಬೆಳಿಗ್ಗೆ ಇಬ್ಬನಿಗೆ ಅಥವಾ ತೊಳೆದ ಮೇಲೆ ಎರಡು ಮೂರು ಬ್ರೇಕಿಗೆ ಬಂದು ಹೋದ್ರೆ ಅದು ತೇವ, ಬಿಟ್ಟಾಕಿ. ಸದಾ ಬರ್ತಿದೆ ಅಂದ್ರೆ ನನ್ನ ಮೊದಲ ಅನುಮಾನ ವಾಟರ್ ವಾಶ್ ಅಂಗಡಿ ಮೇಲೆ. ನಮ್ಮ ಕಡೆ ಎಷ್ಟೋ ಕಡೆ ಫೋಮ್ ಹಾಕಿ ತೊಳೆದಾದ್ಮೇಲೆ ಹೊಳೀಲಿ ಅಂತ ಇಂಜಿನ್ನಿಗೆ, ಚೈನಿಗೆ, ಚಕ್ರಕ್ಕೆ ಎಲ್ಲ ಸೇರಿಸಿ ಡೀಸೆಲ್ ಸ್ಪ್ರೇ ಹೊಡಿತಾರೆ, ಟೈರಿಗೆ ಪಾಲಿಶ್ ಬಳೀತಾರೆ. ಡೀಸೆಲ್ಲೋ ಚೈನ್ ಸ್ಪ್ರೇನೋ ಒಂದ್ಸಲ ಪ್ಯಾಡಿಗೆ ಇಳೀತು ಅಂದ್ರೆ ಅದು ಒಳಗೆ ಹೀರ್ಕೊಂಡು ಕೂತಿರತ್ತೆ, ಉಪ್ಪುಕಾಗದದಲ್ಲಿ ಉಜ್ಜಿದ್ರೂ ಪೂರ್ತಿ ಹೋಗಲ್ಲ, ಪ್ಯಾಡ್ ಬದಲಾಯಿಸೋದೇ ಸರಿ. ಅಂಗಡೀಲಿ ಗಾಡಿ ಬಿಡುವಾಗ್ಲೇ ‘ಅಣ್ಣಾ, ಡೀಸೆಲ್ ಹೊಡೀಬೇಡಿ, ಟೈರ್ ಪಾಲಿಶ್ ಬೇಡ’ ಅಂತ ಹೇಳಿ, ಹೇಳಿದ ಮೇಲೂ ಅಲ್ಲೇ ನಿಂತಿರಿ. ಇನ್ನೊಂದು, ಲಿವರ್ ಹಿಡಿದಾಗ ಸ್ಪಂಜ್ ತರ ಒಳಗೆ ಹೋಗಿ ಹ್ಯಾಂಡಲ್ ಹತ್ರ ಬಂದ್ರೆ ಅದು ರನ್ನಿಂಗ್ ಇನ್ ಸಮಸ್ಯೆ ಅಲ್ಲವೇ ಅಲ್ಲ, ಲೈನಲ್ಲಿ ಗಾಳಿ ಸೇರಿರೋ ಹಂಗಿದೆ, ಅವತ್ತೇ ಸರ್ವಿಸ್ ಸೆಂಟರಿಗೆ ಹೋಗಿ.

ಇನ್ನು ಮಗುಚ್ಕೊಳ್ಳೋ ಭಯ. ಬೈಕ್ ಪಕ್ಕ ಕೂತು ಎರಡೂ ಡಿಸ್ಕ್ ನೋಡಿ, ಮುಂದಿನದು 282 ಮಿಲಿಮೀಟರ್, ಹಿಂದಿನದು 220. ಕಂಪನಿಯೋರು ಸುಮ್ನೆ ಮುಂದೆ ದೊಡ್ಡದು ಹಾಕಿಲ್ಲ. ಬ್ರೇಕ್ ಹಿಡಿದ ತಕ್ಷಣ ಭಾರ ಎಲ್ಲ ಮುಂದಕ್ಕೆ ಬರತ್ತೆ, ಬಸ್ಸಿನವನು ಬ್ರೇಕ್ ಹೊಡೆದಾಗ ನಿಂತಿರೋರೆಲ್ಲ ಡ್ರೈವರ್ ಕಡೆ ಜೋಲಿ ಹೊಡೀತಾರಲ್ಲ ಹಂಗೆ. ಇಷ್ಟು ಗಿಡ್ಡ ವೀಲ್‌ಬೇಸ್ (ಎರಡು ಚಕ್ರದ ನಡುವಿನ ದೂರ) ಇರೋ ಬೈಕಲ್ಲಿ ಜೋರು ಬ್ರೇಕಿನ ಹೊತ್ತಿಗೆ 80 ಪರ್ಸೆಂಟಿಗೂ ಹೆಚ್ಚು ಭಾರ ಮುಂದಿನ ಟೈರ್ ಮೇಲಿರತ್ತೆ, ಹಿಂದಿನ ಟೈರ್ ನೆಲಕ್ಕೆ ಸುಮ್ನೆ ತಾಗಿರತ್ತೆ ಅಷ್ಟೇ. ಭಾರ ಇಲ್ಲದ ಚಕ್ರಕ್ಕೆ ಎಷ್ಟು ತುಳಿದ್ರೇನು, ನಿಲ್ಸೋಕೆ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. 60ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ ಹತ್ರ ಹತ್ರ 17 ಮೀಟರ್. ನಾಯಿ ಅಡ್ಡ ಬಂತು, ನಿಮಗೆ ಗೊತ್ತಾಗಿ ಕೈ ಲಿವರಿಗೆ ಹೋಗೋಕೆ ಒಂದು ಸೆಕೆಂಡ್ ಅಂದ್ರೂ 17 ಮೀಟರ್ ಅಲ್ಲೇ ಹೋಯ್ತು. ಆಮೇಲೆ ಒಣ ಟಾರ್ ರೋಡಲ್ಲಿ ಎರಡೂ ಬ್ರೇಕ್ ಸರಿಯಾಗಿ ಹಿಡಿದ್ರೆ ಇನ್ನೊಂದು 18-20 ಮೀಟರಿಗೆ ನಿಲ್ಲತ್ತೆ, ಹಿಂದಿನದು ಒಂದೇ ತುಳಿದ್ರೆ 40 ಮೀಟರ್ ದಾಟತ್ತೆ. ಸ್ಪೀಡ್ 100 ಆದ್ರೆ ಚೆನ್ನಾಗಿ ಬ್ರೇಕ್ ಹಿಡಿಯೋನಿಗೇ ಬ್ರೇಕಿಂಗಿಗೆ 50 ಮೀಟರ್ ಬೇಕು, ಯಾಕಂದ್ರೆ ನಿಲ್ಲೋ ದೂರ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಬೆಳಿಯತ್ತೆ. ಹಿಂದಿನದನ್ನೇ ನಂಬ್ಕೊಂಡೋನಿಗೆ ಎಷ್ಟು ಬೇಕು ಅಂತ ನೀವೇ ಗುಣಿಸ್ಕೊಳ್ಳಿ.

ಹಾಗಾದ್ರೆ ಫ್ರಂಟ್ ಬ್ರೇಕಿಂದ ಬಿದ್ದೋರು ಯಾಕೆ ಬಿದ್ರು? ಗಾಬರೀಲಿ ಗಬಕ್ಕಂತ ಹಿಡ್ಕೊಂಡಿದ್ರಿಂದ, ಇಲ್ಲಾ ಹ್ಯಾಂಡಲ್ ತಿರುಗಿರುವಾಗ ಹಿಡಿದಿದ್ರಿಂದ, ಇಲ್ಲಾ ಮರಳು ಮಣ್ಣಿನ ಮೇಲೆ ಹಿಡಿದಿದ್ರಿಂದ. ಟೈರಿಗೆ ಭಾರ ಬರೋಕೆ ಒಂದರೆಗಳಿಗೆ ಬೇಕು. ಮೊದ್ಲು ಎರಡು ಬೆರಳಲ್ಲಿ ಮೆತ್ತಗೆ ಹಿಡೀರಿ, ಫೋರ್ಕ್ ಕೆಳಗಿಳಿಯೋದು ಕೈಗೆ ಗೊತ್ತಾಗತ್ತೆ, ಈಗ ಟೈರ್ ನೆಲಕ್ಕೆ ಒತ್ತಿ ಕೂತಿದೆ, ಇನ್ನು ಗಟ್ಟಿಯಾಗಿ ಹಿಂಡ್ತಾ ಹೋಗಿ. ಇದೆಲ್ಲ ಅರ್ಧ ಸೆಕೆಂಡಿನ ಆಟ, ಅಭ್ಯಾಸ ಆದ್ಮೇಲೆ ಯೋಚ್ನೆ ಮಾಡೋ ಅಗತ್ಯಾನೇ ಇರಲ್ಲ. ಮೊಣಕಾಲಲ್ಲಿ ಟ್ಯಾಂಕನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಆರ್15ರಲ್ಲಿ ಮುಂದಕ್ಕೆ ಬಗ್ಗಿ ಕೂರೋದ್ರಿಂದ ಮೈಭಾರ ಅಂಗೈ ಮೇಲೆ ಬಿದ್ಬಿಡತ್ತೆ, ಕೈ ಸೆಟೆದ್ರೆ ಬ್ರೇಕಿನ ಹದ ತಪ್ಪತ್ತೆ. ಕಣ್ಣು ದೂರ ಇರಲಿ, ಮುಂದಿನ ಚಕ್ರ ನೋಡ್ತಾ ಬ್ರೇಕ್ ಹಿಡಿದ್ರೆ ಅಲ್ಲೇ ಹೋಗಿ ಬೀಳ್ತೀರ. ಹಿಂದಿನ ಬ್ರೇಕ್ ಬೇಡ ಅಂತ ಅಲ್ಲ, ಜೊತೆಗೆ ಹಗುರವಾಗಿ ಇರಲಿ, ನಿಧಾನದ ಯೂಟರ್ನಲ್ಲಿ ಮತ್ತೆ ಕೆಸರಲ್ಲಂತೂ ಅದೇ ಮೇಲು.

ನಿಮ್ಮ ಲಿವರ್ ಟಕಟಕ ಅಂತ ಒದ್ದಿದ್ದು ಎಬಿಎಸ್ ಕೆಲಸ ಮಾಡ್ತಿರೋ ಲಕ್ಷಣ, ಕೆಟ್ಟಿರೋದಲ್ಲ. ಚಕ್ರ ಲಾಕ್ ಆಗೋಕೆ ಹೋದಾಗ ಅದು ಸೆಕೆಂಡಿಗೆ ಎಷ್ಟೋ ಸಲ ಒತ್ತಡ ಬಿಟ್ಟು ಹಿಡಿದು ಮಾಡತ್ತೆ, ಆಗ ಒದೆತ ಕೈಗೆ ಬರತ್ತೆ, ನೀವು ಬಿಟ್ಬಿಟ್ರೆ ಬ್ರೇಕೇ ಇಲ್ಲ. ಒದೀಲಿ, ಹಿಡಿದೇ ಇರಿ. 125 ಸಿಸಿ ಮೇಲಿನ ಎಲ್ಲ ಹೊಸ ಬೈಕಿಗೂ 2019ರ ಏಪ್ರಿಲ್ಲಿಂದ ಎಬಿಎಸ್ ಕಡ್ಡಾಯ ಆಗಿದೆ, ನಿಮ್ಮದರಲ್ಲಿ ಎರಡೂ ಚಕ್ರಕ್ಕಿದೆ. ಹಾಗಂತ ಎಬಿಎಸ್ ಇದೆ ಅಂತ ಮಣ್ಣಿನ ಮೇಲೆ ಬೇಗ ನಿಲ್ಲತ್ತೆ ಅನ್ಕೋಬೇಡಿ, ಅದು ಬೀಳದ ಹಾಗೆ ನೋಡ್ಕೊಳ್ಳತ್ತೆ, ಹಿಡಿತ ಇಲ್ಲದ ಕಡೆ ದೂರ ಜಾಸ್ತೀನೇ ಬೇಕು. ಸುಗ್ಗಿ ಟೈಮಲ್ಲಿ ರಾಗಿ, ಹುರುಳಿ ರೋಡ್ ಮೇಲೆ ಹರಡಿರ್ತಾರಲ್ಲ ಒಕ್ಕಣೆಗೆ, ಅದರ ಮೇಲೆ ಬ್ರೇಕ್ ಹಿಡಿದ್ರೆ ಯಾವ ಎಬಿಎಸ್ಸೂ ಹೆಚ್ಚೇನು ಮಾಡಕ್ಕಾಗಲ್ಲ, ದೂರದಲ್ಲೇ ಸ್ಪೀಡ್ ಇಳಿಸಿ ನೆಟ್ಟಗೆ ದಾಟಿ.

ಕಲಿಯೋಕೆ ದುಡ್ಡು ಖರ್ಚಿಲ್ಲ. ಇನ್ನೂ ಮನೆ ಎದ್ದಿರದ ಯಾವುದಾದ್ರೂ ಹೊಸ ಲೇಔಟಿಗೆ ಭಾನುವಾರ ಬೆಳಿಗ್ಗೆ ಹೋಗಿ, ಟಾರ್ ಮೇಲೆ ಮರಳಿಲ್ಲ ಅಂತ ಒಂದ್ಸಲ ನಡೆದು ನೋಡಿ, ಒಂದು ಕಲ್ಲಿಟ್ಟು ಆ ಗುರುತಿಂದ ಬ್ರೇಕ್ ಶುರು ಮಾಡಿ. 30ರಲ್ಲಿ ಶುರು, ಆಮೇಲೆ 40, ಆಮೇಲೆ 50. ನಿಂತ ಜಾಗಕ್ಕೆ ಇನ್ನೊಂದು ಕಲ್ಲಿಡಿ, ಎರಡು ಕಲ್ಲಿನ ಮಧ್ಯದ ದೂರ ಕಮ್ಮಿ ಆಗ್ತಾ ಬರೋದು ಕಣ್ಣಿಗೇ ಕಾಣತ್ತೆ. ಪೂರ್ತಿ ರೈಡಿಂಗ್ ಗೇರ್ ಹಾಕ್ಕೊಂಡು ಹೋಗಿ, ಹೆಲ್ಮೆಟ್ ಜೊತೆ ಜಾಕೆಟ್ಟು ಗ್ಲೌಸು ಎಲ್ಲ. ಆದ್ರೆ ಪ್ಯಾಡ್ ಪಳಗಿಸಿದ ಮೇಲೆ ಈ ಕೆಲಸ, ಮುಂಚೆ ಬೇಡ. ಟೈರಿಗೂ ಮೊದಲ ನೂರೈವತ್ತು ಕಿಲೋಮೀಟರ್ ನುಣುಪು ಇರತ್ತೆ, ಆ ನುಣುಪು ನಿಮ್ಮ ಟೈರಿನ ಮಧ್ಯದಲ್ಲಿ ಸವೆದು ಹೋಗಿರತ್ತೆ, ಅಂಚಲ್ಲಿ ಇನ್ನೂ ಹೊಸದರ ಹೊಳಪು ಇದ್ರೆ ತಿರುವಲ್ಲಿ ದಿಢೀರಂತ ಮಲಗಿಸಬೇಡಿ, ಸ್ವಲ್ಪ ಸ್ವಲ್ಪನೇ ಜಾಸ್ತಿ ಮಾಡಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯಲ್ಲಿನ ತೇವ ಹೀರ್ಕೊಳ್ಳತ್ತೆ, ತೇವ ಸೇರಿದ ಹಾಗೆಲ್ಲ ಕಮ್ಮಿ ಬಿಸಿಗೇ ಕುದಿಯೋಕೆ ಶುರು ಮಾಡತ್ತೆ. ಡಾಟ್ 4 ಅನ್ನೋದು ಬ್ರೇಕ್ ಆಯಿಲ್ಲಿನ ಒಂದು ದರ್ಜೆ, ಅಂದ್ರೆ ಹೊಸದರಲ್ಲಿ ಕಡೇಪಕ್ಷ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋ ಅಳತೆ, ನೀರು ಸೇರಿದ ಮೇಲೆ ಆ ಅಳತೆ 155ಕ್ಕೆ ಇಳಿಯತ್ತೆ. ಘಾಟಿ ಇಳಿಯುವಾಗ ಎಡೆಬಿಡದೆ ಬ್ರೇಕ್ ಹಿಡಿದು ಹಿಡಿದು ಅದು ಕುದ್ದು ಗುಳ್ಳೆ ಬಂದ್ರೆ ಲಿವರ್ ಸೀದಾ ಹ್ಯಾಂಡಲಿಗೆ ಬರತ್ತೆ. ಹೊಸ ಗಾಡಿಗೆ ಈಗ ಭಯ ಇಲ್ಲ, ಎರಡು ವರ್ಷಕ್ಕೊಂದ್ಸಲ ಬದಲಾಯಿಸಿ, ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿಸಿ. ಪೇಂಟ್ ಮೇಲೆ ಚೆಲ್ಲಿದ್ರೆ ಪೇಂಟೇ ಎದ್ದು ಬರತ್ತೆ, ತಕ್ಷಣ ನೀರು ಹಾಕಿ ತೊಳೀರಿ.

ಚೈನಿಗೆ ಬಂದ್ರೆ, ಸುಮಾರು 500 ಕಿಲೋಮೀಟರಿಗೊಂದ್ಸಲ, ಮಳೆಗಾಲದಲ್ಲಿ ಅದಕ್ಕಿಂತ ಬೇಗ, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಮೆತ್ತನೆ ಬ್ರಶ್ಶಲ್ಲಿ ಉಜ್ಜಿ ಒರೆಸಿ ಲೂಬ್ ಹಾಕಿ. ಪೆಟ್ರೋಲೂ ಬೇಡ, ತಂತಿ ಬ್ರಶ್ಶೂ ಬೇಡ. ಲೂಬ್ ಚೈನಿನ ಒಳಮೈಗೆ ಬೀಳಬೇಕು, ಓಡಿದಾಗ ಅದೇ ಹೊರಕ್ಕೆ ಬರತ್ತೆ, ರೈಡ್ ಮುಗಿಸಿ ಬಂದು ಚೈನ್ ಬೆಚ್ಚಗಿರುವಾಗ ಹಾಕಿ ರಾತ್ರಿ ಬಿಟ್ರೆ ಒಳ್ಳೇದು, ಡಿಸ್ಕಿನ ಕಡೆ ಒಂದು ರಟ್ಟು ಅಡ್ಡ ಹಿಡ್ಕೊಳ್ಳಿ. ಚಕ್ರವನ್ನ ಕೈಯಲ್ಲೇ ತಿರುಗಿಸಿ, ನ್ಯೂಟ್ರಲಲ್ಲಿ, ಇಂಜಿನ್ ಆಫ್ ಮಾಡಿ. ಸ್ಟ್ಯಾಂಡ್ ಹಾಕಿ ಗೇರಲ್ಲಿ ಓಡಿಸ್ತಾ ಬಟ್ಟೆ ಹಿಡಿದು ಒರೆಸೋರ ವಿಡಿಯೋ ನೋಡಿರ್ತೀರ, ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ರೆ ಬೆರಳು ಅದರ ಹಿಂದೇನೇ ಹೋಗತ್ತೆ. ಹೊಸ ಚೈನ್ ಮೊದಲ ಸಾವಿರದಲ್ಲಿ ಸ್ವಲ್ಪ ಸಡಿಲ ಆಗತ್ತೆ, ಸರ್ವಿಸಲ್ಲಿ ಟೈಟ್ ಮಾಡಿಸಿ, ಆದ್ರೆ ವೀಣೆ ತಂತಿ ಮಾಡ್ಬಿಡ್ಬೇಡಿ, ಸಡಿಲ ಎಷ್ಟಿರಬೇಕು ಅಂತ ಮ್ಯಾನುವಲಲ್ಲಿ ಇರತ್ತೆ, ತೀರಾ ಬಿಗಿ ಇದ್ರೆ ಇಂಜಿನ್ ಕಡೆ ಬೇರಿಂಗಿಗೆ ಪೆಟ್ಟು. ತೊಳೆಯೋಕೆ ಮನೇಲಿ ಬಕೆಟ್ ನೀರು ಶಾಂಪೂ ಸಾಕು, ಪ್ರೆಶರ್ ಗನ್ ಆದ್ರೆ ರೇಡಿಯೇಟರಿನ ತೆಳು ಜಾಲರಿಗೆ, ಚಕ್ರದ ಬೇರಿಂಗಿಗೆ ಹತ್ರದಿಂದ ಹೊಡಿಯೋಕ್ ಬಿಡಬೇಡಿ. ಕೂಲಂಟ್ ನೋಡೋದು ಪಕ್ಕದ ಡಬ್ಬೀಲಿ, ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆದ್ರೆ ಮುಖಕ್ಕೇ ಚಿಮ್ಮತ್ತೆ.

ಶಿರಾಡಿ. ಹೋಗಬಹುದು, ಎರಡು ಷರತ್ತು: ಅಷ್ಟರಲ್ಲಿ ಸಾವಿರ ದಾಟಿ ಮೊದಲ ಸರ್ವಿಸ್ ಆಗಿರಬೇಕು, ಮತ್ತೆ ಆ ಲೇಔಟ್ ಅಭ್ಯಾಸ ನಿಜವಾಗ್ಲೂ ಮಾಡಿರಬೇಕು. ಹಾಸನದಿಂದ ಮಂಗಳೂರು 170 ಕಿಲೋಮೀಟರ್ ಆಸುಪಾಸು, ದೂರ ಏನೂ ಅಲ್ಲ, ಕಷ್ಟ ಇರೋದು ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯವರೆಗೆ. ಅಲ್ಲಿ ಇಳಿಜಾರಲ್ಲಿ ನ್ಯೂಟ್ರಲ್ ಮಾಡೋದು, ಕ್ಲಚ್ ಹಿಡ್ಕೊಂಡೇ ಇಳಿಯೋದು ಎರಡೂ ಬೇಡ, ಎರಡನೇ ಮೂರನೇ ಗೇರಲ್ಲಿ ಇಂಜಿನ್ನೇ ತಡೀಲಿ, ಬೈಕಲ್ಲಿ ಸ್ಲಿಪ್ಪರ್ ಕ್ಲಚ್ ಇರೋದ್ರಿಂದ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸೋದೂ ಕಮ್ಮಿ. ಬ್ರೇಕಿನ ಕೆಲಸ ಬೈಕ್ ನೆಟ್ಟಗಿರುವಾಗ, ತಿರುವಿಗೆ ಮುಂಚೆನೇ ಮುಗಿಸಿ. ಲಾರಿ ಟ್ಯಾಂಕರ್ ಸಾಲು ಹೋಗ್ತಾನೇ ಇರತ್ತೆ, ಏರು ತಿರುವಲ್ಲಿ ಅವುಗಳ ಡೀಸೆಲ್ ತುಳುಕಿ ಬಿದ್ದಿರತ್ತೆ, ಮಳೆ ಹನಿ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಆ ಎಣ್ಣೆ ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲತ್ತೆ, ಜಾರೋದು ಆವಾಗ್ಲೇ ಜಾಸ್ತಿ, ಸಕಲೇಶಪುರದಲ್ಲೇ ಕಾಫಿ ಕುಡಿದು ಕಾಯಿರಿ. ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡು ಹೋಗೋದಾದ್ರೆ ಹೊರಡೋ ಮುಂಚೆ, ಟೈರ್ ತಣ್ಣಗಿರುವಾಗ, ಇಬ್ಬರ ಲೆಕ್ಕಕ್ಕೆ ಬೈಕ್ ಮೇಲಿನ ಸ್ಟಿಕ್ಕರಲ್ಲಿ ಬರೆದಿರೋಷ್ಟು ಗಾಳಿ ಹಾಕಿಸಿ, ಪಂಕ್ಚರ್ ಅಂಗಡಿಯವನ ಅಂದಾಜಿಗೆ ಬಿಡಬೇಡಿ.